ಕಾಲೆತ್ತದ ನಡಿಗೆ

ಅತ್ತೆ ಅಂಗಡಿಗೆ ಹೋಗಲಿ, ಅಡುಗೆಮನೆಯಲ್ಲಿ ಓಡಾಡಲಿ, ಪಾದ ಎತ್ತಿ ಇಟ್ಟವಳೇ ಅಲ್ಲ. ಸರ್ ಸರ್ ಎಂದು ನೆಲ ಉಜ್ಜಿಕೊಂಡೇ ನಡೆಯುವಳು. ಓಣಿಯವರು ಅವಳಿಗೆ ಇಸ್ತ್ರಿಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಹೊಸ ಸೊಸೆಯಂತೂ ಬೆನ್ನ ಹಿಂದೆ ಅದೇ ನಡಿಗೆ ನಡೆದು ಗಂಡನನ್ನು ನಗಿಸುತ್ತಿದ್ದಳು. ಅತ್ತೆಗೆ ಅದು ಬೀರುವಿನ ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ನದಿ ಸಮುದ್ರ ಸೇರುವ ಅಳಿವೆಯಲ್ಲಿ, ನೀರು ಇಳಿದ ಹೊತ್ತು ನೋಡಿ, ಕಾಲ್ಬೆರಳಿನಿಂದ ಕೆಸರು ತಡವಿ ಚಿಪ್ಪು ಆಯುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಅದೇ ಕೆಸರಿನಲ್ಲಿ ತೊರಕೆ ಮೀನು ತಟ್ಟೆಯ ಹಾಗೆ ಚಪ್ಪಟೆ ಮಲಗಿರುತ್ತದೆ, ಬಾಲದಲ್ಲಿ ವಿಷದ ಮುಳ್ಳು. ಕಾಲು ಉಜ್ಜುತ್ತ ಹೋದರೆ ತಾನೇ ಸರಿದುಕೊಳ್ಳುತ್ತದೆ. ಎತ್ತಿಟ್ಟರೆ ಅದರ ಬೆನ್ನ ಮೇಲೇ ಇಟ್ಟ ಹಾಗೆ. ಅವಳ ಅಕ್ಕ ಎತ್ತಿಟ್ಟಿದ್ದಳು, ಒಂದೇ ಒಂದು ಸಲ. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ತಂಗಿಗೆ ಒಣನೆಲದ ಮೇಲೂ ನಂಬಿಕೆ ಹೋಗಿತ್ತು.

ಸೊಸೆ ತಾನೂ ಬರುತ್ತೇನೆಂದು ಹಟ ಹಿಡಿದ ದಿನ, ಕಾಲೆತ್ತಬೇಡ ಎಂದು ಹತ್ತು ಸಲ ಹೇಳಿ ಕರೆದೊಯ್ದಳು. ಪಾಪ, ಎತ್ತಲಿಲ್ಲ. ಬುಟ್ಟಿ ತುಂಬುವ ಆಸೆಗೆ ನಿಂತಲ್ಲೇ ನಿಂತುಬಿಟ್ಟಳು. ಅಷ್ಟರಲ್ಲಿ ಉಬ್ಬರ ಶುರುವಾಗಿ ನೀರು ಸೊಂಟ ದಾಟಿತು.

"ಅತ್ತೆ, ನನ್ ಪಾದದ ಮೇಲೆ ಏನೋ ಬಂದು ಕೂತಿದೆ. ಮೆತ್ತಗಿದೆ."

ಅತ್ತೆ ಅವಳತ್ತ ತಿರುಗಿದಳು. "ಅಲ್ಲಾಡಬೇಡ. ಉಸಿರೂ ಮೆಲ್ಲಗೆ ಬಿಡು."

"ನೀರು ಎದೆಗೆ ಬಂತು. ನಂಗೆ ಈಜು ಬರಲ್ಲ."

"ಗೊತ್ತಮ್ಮ. ಬಂದೆ ಇರು."

ಬಂದೆ ಎಂದಳೇನೋ ಸರಿ, ಕಲಕಿದ ನೀರಿನಲ್ಲಿ ಮೀನಿನ ತಲೆ ಯಾವ ಕಡೆ, ಬಾಲ ಯಾವ ಕಡೆ ಒಂದೂ ಕಾಣದು. ಸುಳ್ಳೇಕೆ, ಓಡಿ ದಡ ಸೇರಿಬಿಡೋಣ ಎಂದೂ ಅನ್ನಿಸಿತು. ಆದರೂ ಅಂಗುಲ ಅಂಗುಲವಾಗಿ ಪಾದ ಜಾರಿಸಿದಳು. ಬೆರಳಿಗೆ ಅದರ ಅಂಚು ತಾಗಿತು, ಲೋಳೆ ಲೋಳೆ. ಕಣ್ಣು ಮುಚ್ಚಿ ಒತ್ತಿದಳು. ಕೆಸರು ಬುಗ್ಗೆಂದು ಎದ್ದಿತು. ಚಾಟಿಯಂಥದ್ದೊಂದು ಇಬ್ಬರ ಕಾಲನ್ನೂ ಸವರಿಕೊಂಡು ಹೋಯಿತು.

ಚುಚ್ಚಿತೇ ಎಂದು ಇಬ್ಬರೂ ಕಾದರು. ಚುಚ್ಚಿರಲಿಲ್ಲ.

ರಸ್ತೆ ಹತ್ತಿದ ಮೇಲೂ ಸೊಸೆ ಪಾದ ಉಜ್ಜುತ್ತಲೇ ಇದ್ದಳು.

"ಇದು ಡಾಂಬರು ಕಣೇ, ಎತ್ತಿಡು."

"ಆಗ್ತಿಲ್ಲ ಅತ್ತೆ. ಕೆಳಗೆ ಇದೆ ಅನ್ಸುತ್ತೆ."

ಅತ್ತೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಗ, ಇಬ್ಬರೂ ಸರ್ ಸರ್ ಎಂದು ಬರುವುದನ್ನು ನೋಡಿ, ಹೆಂಡತಿ ಇವತ್ತು ಎದುರಿಗೇ ಅಣಕಿಸುತ್ತಿದ್ದಾಳೆಂದುಕೊಂಡು ಬಿದ್ದು ಬಿದ್ದು ನಕ್ಕ.