ನಿಜಾಮನ ರೂಪಾಯಿಗೆ ಹುಣಸೆಹಣ್ಣಿನ ಸ್ನಾನ

ದೀಪಾವಳಿ ಅಮಾವಾಸ್ಯೆಯ ದಿನ ಚೆಂಡುಹೂ ತರಲೆಂದು ನಾರಾಯಣಪೇಟೆಯ ಬಜಾರಿಗೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ನಮ್ಮ ಮನೆಯವರು ಹಿತ್ತಲ ಬಾಗಿಲಲ್ಲಿ ನಿಂತಿದ್ದಾರೆ. ಬಾಯಿ ತೆರೆದಿದೆ, ಮಾತು ಹೊರಡುತ್ತಿಲ್ಲ. (ಸೀರೆ ಅಂಗಡಿ ನಡೆಸುವ ಮನುಷ್ಯ. ಮಾತು ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ.)

ಅವರ ಕಣ್ಣು ನೆಟ್ಟಿದ್ದು ನೆಲಕ್ಕೆ ಹಾಸಿದ ಬಿಳಿ ಟವೆಲ್ ಮೇಲೆ. ಅದರ ತುಂಬ ನಾಣ್ಯಗಳು. ಬೆಳ್ಳಿಯವು ಫಳಫಳ ಹೊಳೆಯುತ್ತಿವೆ, ತಾಮ್ರದವು ಕೆಂಪಗೆ ಎಣ್ಣೆಸ್ನಾನ ಮಾಡಿದ ಮಕ್ಕಳ ಹಾಗೆ ಸಾಲಾಗಿ ಕೂತಿವೆ. ಪಕ್ಕದಲ್ಲಿ ಕಿವುಚಿದ ಹುಣಸೆಹಣ್ಣು, ಉಪ್ಪು, ವಿಭೂತಿ ಪುಡಿ, ತೆಂಗಿನ ನಾರು. ಇವೆಲ್ಲದರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತವರು ಗೌರಮ್ಮ ಚಿಗವ್ವ.

“ಬಂದೇನವ್ವ? ನೋಡ, ಎಷ್ಟ್ ಕರ್ರಗಾಗಿದ್ವು! ಇವತ್ತ ಅಮಾಸಿ, ಸಂಜೀಕ ಪೂಜಿ. ಲಕ್ಷ್ಮೀನ ಹಂಗ ಮಸಿ ಮುಖದಾಗ ಕುಂದ್ರಸ್ತಾರೇನು? ಎಲ್ಲಾ ತಿಕ್ಕಿ ಇಟ್ಟೀನಿ. ರಟ್ಟೀನ ಬಿದ್ದು ಹೋದ್ವು.”

ಎಲ್ಲಾ ಎಂದರೆ ಎಲ್ಲಾ. ನಮ್ಮವರು ವರ್ಷಗಟ್ಟಲೆ ಕೂಡಿಸಿದ ನಿಜಾಮರ ಕಾಲದ, ಹಾಲಿ ಸಿಕ್ಕಾ ಎನ್ನುವ ರೂಪಾಯಿಗಳು, ಆಣೆಗಳು, ನಡುವೆ ತೂತಿರುವ ಪೈಗಳು. ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬುಗಳಿಂದ ಒಂದೊಂದನ್ನೇ ಬಿಡಿಸಿ, ತಿಕ್ಕಿ, ತೊಳೆದು, ಒರೆಸಿ ಇಟ್ಟಿದ್ದರು.

ನಿಮಗೂ ಅನಿಸಬಹುದು, ಒಳ್ಳೆಯದೇ ಆಯಿತಲ್ಲ ಎಂದು. ಮೊದಲು ನನಗೂ ಹಾಗೇ ಅನಿಸುತ್ತಿತ್ತು. ಆದರೆ ನಾಣ್ಯ ಕೂಡಿಸುವವರ ಲೋಕದಲ್ಲಿ ಒಂದು ಕಟ್ಟಪ್ಪಣೆ ಇದೆ. ಏನು ಬೇಕಾದರೂ ಮಾಡಿ, ತೊಳೆಯಬೇಡಿ! ಹಳೆಯ ನಾಣ್ಯದ ಮೇಲಿನ ಆ ಕಪ್ಪು ಕೊಳೆಯಲ್ಲವಂತೆ. ಅದು ಕಾಲ ಮೆಲ್ಲಗೆ ಹಚ್ಚಿದ ಬಣ್ಣ. ಅದಕ್ಕೆ ಪಾಟಿನಾ ಅನ್ನುತ್ತಾರೆ. ಅದಿದ್ದರೇ ಬೆಲೆ, ಅದಿದ್ದರೇ ಮರ್ಯಾದೆ. ಹುಣಸೆಹಣ್ಣು ಮುಟ್ಟಿತೋ, ಕಥೆ ಮುಗಿಯಿತು. ನಾನು ಆಲ್ಬಮ್ ಒರೆಸಿದರೂ ಕೈಗವಸು ಹಾಕಿಕೋ ಎನ್ನುವ ಗಂಡ ಇವರು. ಊಹಿಸಿಕೊಳ್ಳಿ.

ಬೇರೆ ಯಾರಾದರೂ ಆಗಿದ್ದರೆ ಆ ದಿನ ಹಿತ್ತಲಲ್ಲಿ ಪಟಾಕಿಯೇ ಬೇಕಿರಲಿಲ್ಲ. ಆದರೆ ಗೌರಮ್ಮ ಚಿಗವ್ವ ಬೇರೆ ಯಾರೋ ಅಲ್ಲ. ನಮ್ಮವರ ತಾಯಿಯ ತಂಗಿ. ತಾಯಿ ತೀರಿಕೊಂಡಾಗ ನಮ್ಮವರಿನ್ನೂ ತೊದಲು ಮಾತಿನ ಕೂಸು. ಮಕ್ತಲ್‌ನ ತನ್ನ ಮನೆಗೆ ಎತ್ತಿಕೊಂಡು ಹೋಗಿ, ತನ್ನ ಮಕ್ಕಳ ಜೊತೆ ಒಂದೇ ತಟ್ಟೆಯಲ್ಲಿ ಉಣಿಸಿ ಬೆಳೆಸಿದಾಕೆ. ಈಗಲೂ ಹಬ್ಬಕ್ಕೆ ಬರುವಾಗ ಮಗನ ಮನೆಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ಹೊತ್ತುಕೊಂಡೇ ಬರುತ್ತಾರೆ. ಅಂಥವರಿಗೆ ಏನೆಂದು ಹೇಳುವುದು?

ನಮ್ಮವರು ಬಾಯಿ ಮುಚ್ಚಿದರು. “ಚಲೋ ಆತು ಚಿಗವ್ವ” ಅಂದರು. ಆಮೇಲೆ ಕೋಣೆಗೆ ಬಂದು, ಚೆಂಡುಹೂವಿಗೆ ಅಷ್ಟು ದುಡ್ಡು ಕೊಟ್ಟೆ ಏಕೆ ಎಂದು ನನ್ನ ಮೇಲೆ ಕೂಗಾಡಿದರು. (ಗಂಡಸರ ಸಿಟ್ಟು ನೀರಿನ ಹಾಗೆ, ತಗ್ಗಿದ್ದ ಕಡೆಗೇ ಹರಿಯುತ್ತದೆ. ನಾನೂ ಅವತ್ತೊಂದು ದಿನ ತಗ್ಗಿದೆ.)

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಹಬ್ಬ ಕಳೆದು ಬರುವ ಭಾನುವಾರ ಗದ್ವಾಲದಲ್ಲಿ ಸುತ್ತಮುತ್ತಲ ನಾಣ್ಯ ಸಂಗ್ರಾಹಕರ ಪ್ರದರ್ಶನವಿತ್ತು. ನಮ್ಮವರಿಗೆ ಮೊದಲ ಸಲ ಒಂದು ಸ್ವಂತ ಟೇಬಲ್ ಕೊಟ್ಟಿದ್ದರು. ಅದಕ್ಕೆಂದೇ ನೀಲಿ ವೆಲ್ವೆಟ್ ಬಟ್ಟೆ ಹೊಲಿಸಿ, ತಮ್ಮ ಹೆಸರಿನ ಬೋರ್ಡು ಬರೆಸಿದ್ದರು. “ಈಗ ಏನಂತ ಹೋಗ್ಲಿ? ಎಲ್ರೂ ನಗ್ತಾರ. ಹೋಗಂಗಿಲ್ಲ” ಅಂದರು. ಆಯಿತು ಬಿಡಿ, ನಾನೂ ಒತ್ತಾಯ ಮಾಡಲಿಲ್ಲ.

ಆದರೆ ಚಿಗವ್ವ ಬಿಡಬೇಕಲ್ಲ! ಮಕ್ತಲ್‌ಗೆ ವಾಪಸ್ ಹೋಗಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಶನಿವಾರ ಫೋನು. “ನಾಳಿ ಗದ್ವಾಲಕ್ಕ ನಾನೂ ಬರ್ತೀನಪ್ಪ. ನಾ ತೊಳದ ನಾಣ್ಯ ಮಂದಿ ಹೆಂಗ ನೋಡ್ತಾರ ಅಂತ ನೋಡಾಕ. ಬಸ್ ಸ್ಟ್ಯಾಂಡ್‌ನ್ಯಾಗ ನಿಂತಿರ್ತೀನಿ.”

ಹೋಗದಿದ್ದರೆ ಏಕೆ ಎಂದು ಹೇಳಬೇಕು. ಹೋದರೆ ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾಣ್ಯ ಕೆಟ್ಟದ್ದಂತೂ ಕೆಟ್ಟಿತು, ಅದರ ಚಿಂತೆ ಆಗಲೇ ಹಿಂದೆ ಬಿದ್ದಿತ್ತು. ಈಗ ನಮ್ಮವರ ತಲೆಯಲ್ಲಿದ್ದದ್ದು ಒಂದೇ: ತಾನು ತೊಳೆದು ನಾಣ್ಯ ಹಾಳು ಮಾಡಿದೆ ಎಂಬುದು ಆ ಮುದುಕಿಗೆ ಗೊತ್ತಾಗಬಾರದು. ಅದೂ ಹತ್ತು ಜನರ ಎದುರು.

ಇಲ್ಲಿ ಒಂದು ಮಾತು. ಜನಕ್ಕೆ ಈ ನಾಣ್ಯದ ಹುಚ್ಚು ಹಿಡಿಯುವುದಾದರೂ ಹೇಗೆ? ಇವರ ಸಹವಾಸದಿಂದ ನನಗೆ ಪರಿಚಯವಾದವರನ್ನೆಲ್ಲ ಕೇಳಿದ್ದೇನೆ. ಮಕ್ತಲ್–ರಾಯಚೂರು ಬಸ್ಸಿನ ಕಂಡಕ್ಟರ್ ಒಬ್ಬರಿಗೆ ಸಂತೆ ದಿನದ ನೂಕುನುಗ್ಗಲಿನಲ್ಲಿ ಯಾರೋ ಹತ್ತು ರೂಪಾಯಿ ಎಂದು ಯಾವುದೋ ದೇಶದ ನಾಣ್ಯ ದಾಟಿಸಿಬಿಟ್ಟರು. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಕಳ್ಳ ಸಿಗಲಿಲ್ಲ. ನಾಣ್ಯದ ಮೇಲಿದ್ದ ಹಡಗು ಮಾತ್ರ ಮನಸ್ಸಿಗೆ ಹತ್ತಿತು. ಧನ್ವಾಡದ ಟೀಚರ್ ಒಬ್ಬರು ಶುರು ಮಾಡಿದ್ದು ತಮ್ಮ ಮದುವೆಯ ಮುಯ್ಯಿ ಲಕೋಟೆಗಳಿಂದ. ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿಗಳನ್ನು ಕೀಳುತ್ತಾ ಕೂತಾಗ ಒಂದರ ಹಾಗೆ ಇನ್ನೊಂದಿಲ್ಲವಲ್ಲ ಅನಿಸಿತಂತೆ. ಗಂಡನ ಮುಖ ನೋಡುವ ಹೊತ್ತಿನಲ್ಲಿ ನಾಣ್ಯದ ಮುಖ ನೋಡಿದೆ ಎಂದು ಈಗಲೂ ನಗುತ್ತಾರೆ.

ಒಬ್ಬರೂ ಪುಸ್ತಕ ಓದಿ ಶುರು ಮಾಡಿದ್ದಿಲ್ಲ ನೋಡಿ. ನಮ್ಮವರನ್ನು ಕೇಳಿದರೆ ಮಾತ್ರ ಗಂಟಲು ಸರಿಮಾಡಿಕೊಂಡು “ಇತಿಹಾಸದ ಮೇಲಿನ ಆಸಕ್ತಿ” ಅನ್ನುತ್ತಿದ್ದರು. ನಾನು ನಂಬಿರಲಿಲ್ಲ. ನಮ್ಮ ಮದುವೆಯ ತಾರೀಖು ನೆನಪಿಲ್ಲದವರಿಗೆ ನಿಜಾಮರ ತಾರೀಖು ಏಕೆ ಬೇಕು?

ಭಾನುವಾರ ಮಕ್ತಲ್‌ನಲ್ಲಿ ಚಿಗವ್ವ ಹಸಿರು ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಾರು ಹತ್ತಿದರು. ಜೂರಾಲಾ ಡ್ಯಾಮಿನ ಹತ್ತಿರ ಮೀನು ಹುರಿಯುವ ಅಂಗಡಿಗಳು ಬಂದಾಗ ಸೆರಗು ಮೂಗಿಗೆ ಹಿಡಿದದ್ದು ಬಿಟ್ಟರೆ ದಾರಿಯುದ್ದಕ್ಕೂ ಮಾತೇ ಮಾತು. ನಮ್ಮವರದು ಮಾತ್ರ ಸಾವಿನ ಮನೆಗೆ ಹೊರಟವರ ಮುಖ.

ಗದ್ವಾಲದ ಕೋಟೆಗೆ ಹತ್ತಿರದ ಒಂದು ಹಾಲ್. ಸುತ್ತಲೂ ಟೇಬಲ್‌ಗಳು. ಎಲ್ಲ ಟೇಬಲ್ ಮೇಲೂ ಕಪ್ಪು, ಕಂದು, ಹಸಿರುಗಟ್ಟಿದ ನಾಣ್ಯಗಳು. ನಮ್ಮದೊಂದೇ ನೀಲಿ ವೆಲ್ವೆಟ್ ಮೇಲೆ ಮಿರಮಿರ ಮಿಂಚುತ್ತಿತ್ತು, ಅಕ್ಕಸಾಲಿಗರ ಅಂಗಡಿ ಕಂಡಂತೆ. ಸ್ಕೂಲು ಮಕ್ಕಳು ಸೀದಾ ನಮ್ಮ ಕಡೆಗೇ ಓಡಿಬಂದರು. ಚಿಗವ್ವನಿಗೆ ಹಿಗ್ಗೋ ಹಿಗ್ಗು. ಆದರೆ ತಿಳಿದವರು ಬರುತ್ತಿದ್ದರು, ಬಗ್ಗುತ್ತಿದ್ದರು, ತುಟಿ ಕಚ್ಚಿ ಮುಂದೆ ಹೋಗುತ್ತಿದ್ದರು. ನಮ್ಮವರು ಬೆವರು ಒರೆಸಿಕೊಳ್ಳುತ್ತಿದ್ದರು.

ಕೊನೆಗೆ ಕುತ್ತಿಗೆಗೆ ಭೂತಗನ್ನಡಿ ನೇತುಹಾಕಿಕೊಂಡ ಯುವಕನೊಬ್ಬ ಬಂದ. ಒಂದು ರೂಪಾಯಿ ಎತ್ತಿ ಬೆಳಕಿಗೆ ಹಿಡಿದವನೇ ಕೂಗಿಯೇಬಿಟ್ಟ.

“ಅಯ್ಯೋ ಸಾರ್! ವೀಟಿನಿ ಎವರು ಕಡಿಗಾರು?”

ಇವನ್ನು ತೊಳೆದವರು ಯಾರು ಎಂದು. ಗಡಿಯ ನಮ್ಮೂರ ಕಡೆ ತೆಲುಗು ಯಾರಿಗೆ ಬರುವುದಿಲ್ಲ? ಚಿಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬರುವಷ್ಟರಲ್ಲಿ ನಮ್ಮವರು ಅಡ್ಡ ನಿಂತರು.

“ನಾನ. ನಾನ ತೊಳದೀನಿ. ನಂದ ತಪ್ಪು” ಅಂದರು.

ಚಿಗವ್ವನಿಗೆ ಬಂತು ನೋಡಿ ಸಿಟ್ಟು!

“ಏ ವೀರೇಶ! ಸುಳ್ಳ್ಯಾಕ ಹೇಳ್ತಿ ಮಂದಿ ಮುಂದ? ಇವ ಹುಣಸಿಹಣ್ಣ ಮುಟ್ಟಿಲ್ರೀ. ನಾ ತೊಳದೀನಿ. ಮುಂಜಾನಿಂದ ಕುಂತು ತಿಕ್ಕೀನಿ. ಮಾಡಿದ್ದು ನಾನು, ಹೆಸರು ಇವಂದು!”

ಹುಡುಗ ಬಾಯಿ ತೆರೆದ. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ರಹೀಂ ಸಾಹೇಬರು ಎದ್ದು ಬಂದರು. ರಿಟೈರ್ ಆದ ಉರ್ದು ಮೇಷ್ಟ್ರು, ಆ ಸಭೆಗೆಲ್ಲ ಹಿರಿಯರು. ಹುಡುಗನ ಹೆಗಲ ಮೇಲೆ ಕೈಯಿಟ್ಟು, “ಬೇಟಾ, ಅಮ್ಮಗ ಚಾ ತೊಗೊಂಡ್ ಬಾ, ಜಲ್ದಿ” ಎಂದು ಸಾಗಹಾಕಿದರು. ಆಮೇಲೆ ನಮ್ಮವರ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ ಕೇಳಿದರು.

“ವೀರೇಶಪ್ಪಾರ, ನೀವು ಇದನ್ನ ಶುರು ಮಾಡಿದ್ದು ಹೆಂಗ್ರಿ?”

ಇತಿಹಾಸ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ನಮ್ಮವರು ಆ ಹೊಳೆಯುವ ರೂಪಾಯಿಯನ್ನೇ ನೋಡುತ್ತ ನಿಂತರು.

“ನಮ್ಮವ್ವ ಹೋದ ಮ್ಯಾಲ ನಮ್ಮಪ್ಪ ನನ್ನ ಮಕ್ತಲ್‌ನ್ಯಾಗ ಬಿಟ್ಟು ಹೈದ್ರಾಬಾದಿಗೆ ಗುಮಾಸ್ತಿ ಮಾಡಾಕ ಹೋದ್ರು. ನಾ ದಿನಾ ಬಾಗಿಲಾಗ ಕುಂತು ಅಳತಿದ್ದೆ, ಹೈದ್ರಾಬಾದಿಗೆ ಹೋಗ್ತೀನಿ ಅಂತ. ದೀಪಾವಳಿ ಬಂತು, ಅಪ್ಪ ಬರಲಿಲ್ಲ. ಆವತ್ತ ಈಕಿ ದೇವರ ಪೆಟ್ಟಿಗಿಂದ ಒಂದ್ ಕರೀ ರೂಪಾಯಿ ತಗದು ನನ್ನ ಕೈಯಾಗ ಇಟ್ಳು. ಹುಣಸಿಹಣ್ಣ ಕೊಟ್ಳು. ‘ಅಳಬ್ಯಾಡ, ಇದನ್ನ ತಿಕ್ಕು. ಹೈದ್ರಾಬಾದ್ ಬರತೈತಿ’ ಅಂದ್ಳು.”

ಅವರು ಆ ರೂಪಾಯಿಯನ್ನು ಅಂಗೈಗೆ ತೆಗೆದುಕೊಂಡರು.

“ತಿಕ್ಕಿದೆ. ಕರ್ರಗಿದ್ದದ್ದು ಸರದು ಚಾರ್ಮಿನಾರ್ ಮ್ಯಾಲ ಬಂತ್ರಿ. ನಾಕೂ ಮಿನಾರು, ನಡುವ ಬಾಗಿಲ. ಬಾಗಿಲಾಗ ನಮ್ಮಪ್ಪ ಕಾಣ್ತಾನೇನೋ ಅಂತ ನೋಡಿದೆ. ಆವಾಗಿಂದ ಹಳೀ ನಾಣ್ಯ ಕಂಡ್ರ ಕೈ ಸುಮ್ಮನಿರಂಗಿಲ್ಲ.”

ಓದುಗರೇ, ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದ್ದೇವೆ. ಈ ಮಾತು ನಾನು ಅವತ್ತೇ ಕೇಳಿದ್ದು. ಅವರ ನಾಣ್ಯದ ಪೆಟ್ಟಿಗೆಯನ್ನು ನನ್ನ ಸವತಿ ಎಂದು ಎಷ್ಟು ಸಲ ಛೇಡಿಸಿದ್ದೇನೋ! ಅದರೊಳಗೆ ಅಪ್ಪನ ದಾರಿ ಕಾಯುವ ಒಂದು ಮಗು ಕೂತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಅಷ್ಟು ಜನರ ನಡುವೆ ನನಗೆ ಅಳು ಬಂತು. ನಾಚಿಕೆಯೇನೂ ಆಗಲಿಲ್ಲ.

ಚಿಗವ್ವ ಮಾತ್ರ ಅತ್ತವರಲ್ಲ. “ಹ್ಞೂಂ ಮತ್ತ, ಏನ್ ಮಾಡಬೇಕಿತ್ತು? ಹೈದ್ರಾಬಾದಿಗೆ ಕರ್ಕೊಂಡ್ ಹೋಗಾಕ ಆಗ್ತಿತ್ತೇನು? ಟಿಕೇಟಿಗೆ ರೊಕ್ಕ ಎಲ್ಲಿದ್ವು?” ಅಂದರು. ನಂತರ ರಹೀಂ ಸಾಹೇಬರ ಟೇಬಲ್ ಕಡೆ ನೋಡಿ ಮರುಗಿದರು. “ಸಾಹೇಬ್ರ, ನಿಮ್ಮವೂ ಭಾಳ ಮಸಿ ಹಿಡದಾವ. ಇಲ್ಲೆಲ್ಲಾರ ಒಂದಿಷ್ಟು ಹುಣಸಿಹಣ್ಣ ಸಿಕ್ರ ಕೊಡ್ರಿ, ಕುಂತಲ್ಲೇ ತಿಕ್ಕಿ ಬಿಡ್ತೀನಿ.”

ಆ ವಯಸ್ಸಿನಲ್ಲಿ ಸಾಹೇಬರು ಅಷ್ಟು ಚುರುಕಾಗಿ ಓಡಿದ್ದನ್ನು ಗದ್ವಾಲ ನೋಡಿರಲಿಕ್ಕಿಲ್ಲ. ಗಾಜಿನ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, “ನಕ್ಕೋ ಅಮ್ಮ, ನಕ್ಕೋ! ಬ್ಯಾಡ್ರಿ, ನಿಮಗ್ಯಾಕ ತಕ್ಲೀಫು!” ಅಂದರು.

ಆಮೇಲೆ ಚಿಗವ್ವ ಚಹಾ ಹಿಡಿದು ಬೇರೆ ಟೇಬಲ್‌ಗಳನ್ನು ನೋಡಲು ಹೋದಾಗ ಸಾಹೇಬರು ನಮ್ಮವರ ಹತ್ತಿರ ಬಂದು ದನಿ ತಗ್ಗಿಸಿದರು.

“ಸುಳ್ಳ್ ಹೇಳಂಗಿಲ್ಲ ವೀರೇಶಪ್ಪಾರ. ಕೀಮತ್ತು ಹೋತು. ಕೊಳ್ಳೋರು ಯಾರೂ ಮುಟ್ಟಂಗಿಲ್ಲ.”

“ಗೊತ್ತೈತ್ರಿ.”

“ಅಮ್ಮಗ ಹೇಳೀರೇನು?”

“ಇಲ್ರಿ. ಹೇಳಂಗೂ ಇಲ್ಲ.”

ಸಾಹೇಬರು ತಲೆಯಾಡಿಸಿ ತಮ್ಮ ಜಾಗಕ್ಕೆ ಹೋದರು. ಆ ಭೂತಗನ್ನಡಿಯ ಹುಡುಗನನ್ನೂ ಕರೆದು ಏನೋ ಹೇಳಿರಬೇಕು. ಚಿಗವ್ವ ವಾಪಸ್ ಬಂದ ಮೇಲೆ ಅವನು ಮತ್ತೆ ನಮ್ಮ ಟೇಬಲ್ಲಿಗೆ ಬಂದ. ಈ ಸಲ ನಾಣ್ಯ ಮುಟ್ಟದೆ, “ಚಾಲಾ ಬಾಗುನ್ನಾಯಿ ಅಮ್ಮಾ” ಎಂದು ಚಿಗವ್ವನಿಗೆ ಕೈ ಮುಗಿದು ಹೋದ. ತುಂಬಾ ಚೆನ್ನಾಗಿವೆ ಎಂದು. ಹುಡುಗ ಕಲಿಯುತ್ತಾನೆ ಬಿಡಿ.

ವಾಪಸ್ ಬರುವಾಗ ನಮ್ಮವರೇ ಮಾತಾಡಿದರು, ದಾರಿಯುದ್ದಕ್ಕೂ. ಹಿಂದಿನ ಸೀಟಿನಲ್ಲಿ ಚಿಗವ್ವ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನನಗೆ ಮತ್ತೆ ಭಯವಾಯಿತು. ಅಷ್ಟೊಂದು ಟೇಬಲ್ ಸುತ್ತಿ ಬಂದವರು. ಯಾರ ಮಾತಾದರೂ ಕಿವಿಗೆ ಬಿದ್ದಿತೇ? ಎಲ್ಲರ ನಾಣ್ಯಗಳೂ ಕಪ್ಪಗೇ ಏಕಿವೆ ಎಂದು ಹೊಳೆದುಬಿಟ್ಟಿತೇ? ಮಕ್ತಲ್ ಹತ್ತಿರ ಬಂದಾಗ ತಡೆಯಲಾರದೆ ಕೇಳಿದೆ.

“ಏನ್ ವಿಚಾರ ಮಾಡಾಕ ಹತ್ತೀರಿ ಚಿಗವ್ವ?”

ಅವರು ಕಿಟಕಿಯಿಂದ ಮುಖ ತಿರುಗಿಸಿದರು. ಕಣ್ಣಲ್ಲಿ ನಿಜವಾದ ಮರುಕವಿತ್ತು.

“ಅಲ್ಲವ್ವ, ಅಷ್ಟ್ ಮಂದಿ ಬಂದಿದ್ರು. ಎಲ್ಲಾರ ನಾಣ್ಯನೂ ಕರ್ರಗ ಮಸಿ ಹಿಡದು ಬಿದ್ದಿದ್ವು. ಪಾಪ, ಅವರ ಮನ್ಯಾಗ ತೊಳದು ಕೊಡೋರು ಯಾರೂ ಇಲ್ಲೇನು?”