ಉತ್ತರ ಕೆಳಗೆ ಬರೆಯಿರಿ

ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಗಿ ಬಂದಾಗ ನನ್ನನ್ನು ಕನ್ನಡದಲ್ಲಿ ಬೈಯುವುದಕ್ಕೂ ಯಾರೂ ಇರಲಿಲ್ಲ. ವಿಮಾ ಕಚೇರಿಯಲ್ಲಿ ದಿನವಿಡೀ ಹಿಂದಿ, ಫತೇಗಂಜ್‌ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಗುಜರಾತಿ, ಒಳಗೆ ಬಂದು ಬಾಗಿಲು ಹಾಕಿಕೊಂಡರೆ ಫ್ಯಾನಿನ ಸದ್ದು. ಕನ್ನಡ ಇದ್ದದ್ದು ಒಂದೇ ಕಡೆ, ಈ ಸೀಮೆಯ ಕನ್ನಡಿಗರ ಇಮೇಲ್ ಬಳಗದಲ್ಲಿ. ಅಲ್ಲಿ ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು, ಉತ್ತರ ಬರೆದರೆ ಹಿಂದಿನವರ ಮಾತೆಲ್ಲ ಅದಕ್ಕೆ ಅಂಟಿಕೊಂಡೇ ಬರುತ್ತಿತ್ತು.

ಸೇರಿದ ವಾರವೇ ಬೈಸಿಕೊಂಡೆ. ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಯಾರೋ ಅಂಗಡಿ ಹೇಳಿದರು. ಅವರ ಮಾತಿನ ಮೇಲುಗಡೆ ಧನ್ಯವಾದ ಎಂದು ಬರೆದು ಕಳಿಸಿದೆ. ಬಳಗ ಕಟ್ಟಿದವರು ಮೈಸೂರು ಕಡೆಯ ಹಿರಿಯರು, ನರೋಡಾದ ಕಾರ್ಖಾನೆಯೊಂದರಿಂದ ನಿವೃತ್ತರಾಗಿದ್ದವರು. ಅವರಿಂದ ಉತ್ತರ ಬಂತು: "ಮೇಡಂ, ಮೊದಲು ಪ್ರಶ್ನೆ, ಆಮೇಲೆ ಉತ್ತರ. ಹಿಂದಿನವರ ಮಾತಿನ ಕೆಳಗೆ ಬರೆಯಿರಿ. ರಾಗಿ ಹಿಟ್ಟಿನ ವಿಷಯದಡಿ ರೈಲು ಟಿಕೆಟ್ ಕೇಳಬೇಡಿ." ಟಿಕೆಟಿನ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಮುಂಜಾಗ್ರತೆ ಇರಬೇಕು.

ನನ್ನ ಪರವಾಗಿ ಎದ್ದವರು ಸೂರತ್ತಿನಲ್ಲಿ ಹೋಟೆಲ್ ನಡೆಸುವ ಉಡುಪಿಯವರು. "ಮಾರಾಯ್ರೇ, ಬಿಸಿ ದೋಸೆಯನ್ನು ಹಳೇ ಪಾತ್ರೆಗಳ ಅಡಿಯಲ್ಲಿ ಇಟ್ಟು ಕೊಡ್ತಾರಾ? ಹೊಸದು ಮೇಲೆಯೇ ಇರ್ಬೇಕು." ಅದನ್ನೂ ಅವರು ಮೇಲೆಯೇ ಬರೆದಿದ್ದರು. ನರೋಡಾದವರಿಗೆ ಮೈಯೆಲ್ಲಾ ಉರಿಯಿತು. ಇಬ್ಬರೂ ಪಟ್ಟು ಬಿಡಲಿಲ್ಲ. ನಾನು ಕಚೇರಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಅವರ ಜಗಳ ಓದುತ್ತಿದ್ದೆ. ಮನೆಯಲ್ಲಿ ಜನ ಇದ್ದಂತೆ ಅನ್ನಿಸುತ್ತಿತ್ತು.

ಆಮೇಲೆ ಎಲ್ಲರೂ ವಾಟ್ಸಾಪ್‌ಗೆ ಹೋದರು, ಸೂರತ್ತಿನವರೂ ಹೋದರು. ಅಲ್ಲಿ ಬೆಳಗಾದರೆ ಗುಲಾಬಿ ಹೂವಿನ ಚಿತ್ರ, ಅದಕ್ಕೆ ಕೈ ಮುಗಿಯುವ ಚಿತ್ರ. ಜಗಳವಾಡುವಷ್ಟು ಮಾತು ಯಾರಿಗೂ ಬೇಕಿರಲಿಲ್ಲ. ಇಮೇಲ್ ಬಳಗದಲ್ಲಿ ಬರೆಯುವವರು ಉಳಿದದ್ದು ನಾನು ಮತ್ತು ನರೋಡಾದವರು. ನಾನು ಕ್ರಮವಾಗಿ ಬರೆದರೆ ಅವರು ಸುಮ್ಮನಿರುತ್ತಿದ್ದರು. ಮೇಲೆ ಬರೆದರೆ ಮಾತ್ರ ಆ ಸಂಜೆಯೇ ಉತ್ತರ ಗ್ಯಾರಂಟಿ. ಹಾಗಾಗಿ ಬೇಕೆಂದೇ ಮೇಲೆ ಬರೆಯತೊಡಗಿದೆ. ಒಮ್ಮೊಮ್ಮೆ ಸಾರಿನ ಪುಡಿಯ ವಿಷಯದಡಿ ಮನೆ ಮಾಲೀಕರ ದೂರು ಬರೆಯುತ್ತಿದ್ದೆ. ಅವರು ಉದ್ದಕ್ಕೆ ಬೈಯುತ್ತಿದ್ದರು, ಕೊನೆಗೆ ಊಟ ಆಯಿತೇ ಎಂದು ಕೇಳುತ್ತಿದ್ದರು. ಬೇರೆ ಯಾರೂ ಅದನ್ನು ಕೇಳುತ್ತಿರಲಿಲ್ಲ.

ಒಂದು ಚಳಿಗಾಲದಲ್ಲಿ ಬೈಗುಳ ಚಿಕ್ಕದಾಗುತ್ತ ಬಂದು ನಿಂತೇಹೋಯಿತು. ಬೇಸರವಾಗಿರಬೇಕು ಎಂದುಕೊಂಡು ತಿದ್ದಿಕೊಂಡೆ. ಅವರ ಹಳೆಯ ಮಾತನ್ನೆಲ್ಲ ಗೌರವದಿಂದ ಹಾಗೇ ಉಳಿಸಿ, ಕಟ್ಟಕಡೆಗೆ, ಅವರು ಬಯಸಿದ್ದ ಜಾಗದಲ್ಲಿ ನನ್ನದನ್ನು ಬರೆದೆ. ದಿನಾ ಹಾಗೆ ಬರೆದರೂ ಉತ್ತರವಿಲ್ಲ. ತಡೆಯಲಾರದೆ ಅವರ ಪತ್ರಗಳ ಅಡಿಯಲ್ಲಿರುತ್ತಿದ್ದ ನಂಬರಿಗೆ ಫೋನ್ ಮಾಡಿದೆ.

"ಸರ್, ನಾ ಏನರ ತಪ್ಪು ಮಾಡಿದ್ನೇನ್ರಿ?"

"ತಪ್ಪೇನಿಲ್ಲ ಮೇಡಂ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳೀತು. ಈಗ ಎಲ್ಲಾ ಫೋನೇ ಓದಿ ಹೇಳುತ್ತೆ. ನಿಮ್ಮ ಮಾತು ಬರೋದು ಕೊನೇಲಿ. ಅಲ್ಲೀತನಕ ನಾನು ಬೈದಿದ್ದನ್ನೆಲ್ಲ ನಾನೇ ಕೇಳಿಸ್ಕೋಬೇಕು. ಅರ್ಧದಲ್ಲೇ ನಿದ್ದೆ ಬಂದುಬಿಡುತ್ತೆ." ನಕ್ಕರು. "ನೀವು ಮೊದಲಿನ ಥರಾನೇ ಮೇಲ್ಗಡೆ ಬರೀರಿ" ಅಂದರು.

ಆಗಾಗ ಫೋನ್ ಮಾಡಲೇ ಎಂದು ಕೇಳಿದೆ. "ಬೇಡಿ. ಫೋನಲ್ಲಿ ಮಾತಾಡೋದು ನಂಗೆ ಬರಲ್ಲ. ಬರೆದು ಉತ್ತರ ಕೊಡೋಕೂ ಇನ್ನು ಆಗಲ್ಲ. ನೀವು ಬರೀತಾ ಇರಿ, ಕೇಳಿಸ್ಕೋತೀನಿ. ಮನೇಲಿ ಮೊಮ್ಮಕ್ಕಳೂ ಗುಜರಾತಿನೇ."

ಈಗ ದಿನಾ ಸಂಜೆ ಬರೆಯುತ್ತೇನೆ. ಇವತ್ತು ಹುಳಿ ಮಾಡಿದೆ, ಊಟ ಆಯಿತು ಎಂದು ಕೇಳುವ ಮೊದಲೇ ಹೇಳುತ್ತೇನೆ. ಎಲ್ಲವನ್ನೂ ಮೇಲುಗಡೆಯೇ ಬರೆಯುತ್ತೇನೆ. ಯಾರೂ ಬೈಯುವುದಿಲ್ಲ.