ಮೂಲೆ ಕತ್ತರಿಸಿದ ಲಕೋಟೆ

ಒಂದು ಕಾಗದ ಬಂದರೆ ಇಡೀ ಓಣಿಗೆ ಗೊತ್ತಾಗುತ್ತಿದ್ದ ದಿನಗಳವು. ಶಹಾಬಾದ್ ಹತ್ತಿರದ ಭಂಕೂರದಲ್ಲಿ ನಮ್ಮ ಮನೆ. ಅಪ್ಪ ಫರಸಿ ಕಲ್ಲಿನ ಖಣಿಗೆ ಹೋಗುತ್ತಿದ್ದ. ಅಪ್ಪನ ತಮ್ಮ, ನನ್ನ ಕಾಕಾ, ಕಾಗಿಣಾ ಹೊಳೆ ಬಿಟ್ಟು ಬೇರೆ ನೀರು ಕಾಣದ ಈ ಊರಿನಿಂದ ಹೋಗಿ ಯುದ್ಧದ ಹಡಗಿನ ಬಾಯ್ಲರ್ ಮುಂದೆ ಬೇಯುತ್ತಿದ್ದ.

ರಜೆಗೆ ಬಂದಾಗ ಬಿಸಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ ಹಡಗಿನ ಚರಿತ್ರೆ ಹೇಳುತ್ತಿದ್ದ. ಅದು ಮೊದಲು ವಿಲಾಯತಿಯವರದಂತೆ. ಬೇರೆ ಹೆಸರಿನಲ್ಲಿ ದೊಡ್ಡ ಯುದ್ಧ ಮಾಡಿ, ಹೊಟ್ಟೆಗೆ ಗುಂಡು ತಿಂದು, ತೇಪೆ ಹಾಕಿಸಿಕೊಂಡು ನಮ್ಮ ದೇಶಕ್ಕೆ ಬಂದದ್ದಂತೆ. ಹಡಗಿಗೆ ತನ್ನದೇ ಅಂಚೆ ಶಿಕ್ಕಾ ಇತ್ತು: ದುಂಡನೆಯ ಗೆರೆ, ನಡುವೆ ಲಂಗರು.

“ಇವನ್ನ ಕೂಡಿಸಿ ಇಡವ್ವ. ಹಡಗ ಮುದಿ ಆಗ್ಯಾದ. ಶಿಕ್ಕಾ ಆದ್ರೂ ಉಳೀಲಿ,” ಎಂದು ನನಗೆ ಅಂದಿದ್ದ.

ನಿಮ್ಮಲ್ಲೂ ಅಂಚೆಚೀಟಿಯ ಹುಚ್ಚು ಹಿಡಿದವರು ಇರಬೇಕು. ಎಲ್ಲರೂ ಓದಿಸಿ ಕೇಳಿದ ಮೇಲೆ ಲಕೋಟೆ ನನ್ನದು. ಶಿಕ್ಕಾ ಇದ್ದ ಮೂಲೆ ಕತ್ತರಿಸಿ, ಗಂಜಿ ಹಚ್ಚಿ ವಹಿಗೆ ಅಂಟಿಸುತ್ತಿದ್ದೆ. ಆ ಗಂಜಿಯ ಹುಳಿ ವಾಸನೆ ಇನ್ನೂ ಮೂಗಿನಲ್ಲಿದೆ.

ಆ ವರ್ಷ ತೊಗರಿ ಹೂಬಿಟ್ಟಾಗ ಒಂದು ಲಕೋಟೆ ಬಂತು. ಅಪ್ಪ ಖಣಿಯಲ್ಲಿ, ಉಳಿದವರು ಹೊಲದಲ್ಲಿದ್ದರು. ನನಗೆಲ್ಲಿಯ ತಾಳ್ಮೆ? ಒಡೆಯದ ಲಕೋಟೆಯ ಮೂಲೆ ಕತ್ತರಿಸಿಕೊಂಡು, ಉಳಿದದ್ದನ್ನು ಗೋಡೆಯ ಗೂಡಿನಲ್ಲಿಟ್ಟು ಕುಂಟಾಟಕ್ಕೆ ಓಡಿದೆ.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುತ್ತಿದ್ದರು. ಅದನ್ನು ಹೊಸ್ತಿಲು ದಾಟಿಸದೆ ಅಂಗಳದಲ್ಲೇ ಓದಿಸಿ, ಅಲ್ಲೇ ಚೂರು ಮಾಡುತ್ತಿದ್ದರು. ಮಕ್ಕಳ ಕಣ್ಣಿಗೆ ಬೀಳಿಸುತ್ತಿರಲಿಲ್ಲ. ನಾನು ಅಂಥದೊಂದನ್ನೂ ಕಂಡಿರಲಿಲ್ಲ.

ತಿರುಗಿ ಬಂದಾಗ ಅಜ್ಜಿ ಲಕೋಟೆ ಅಂಗಳಕ್ಕೆ ಎಸೆದು ಎದೆ ಬಡಿದುಕೊಳ್ಳುತ್ತಿದ್ದಳು. ಕಾಕಾನ ಹೆಂಡತಿ, ನನ್ನ ಚಿಗವ್ವ, ಮದುವೆಯಾಗಿ ಎರಡೇ ವರ್ಷ. ಓಣಿಯ ಹೆಂಗಸರು ಅವಳ ಕೈ ಫರಸಿಗೆ ಒತ್ತಿ ಹಿಡಿದು ಬಳೆ ಒಡೆದರು. ಮುಂಗೈಯಿಂದ ರಕ್ತ ಬಂತು.

ಸಂಜೆ ಶಾಲೆಯ ಮಾಸ್ತರರು ಬಂದು ಕಾಗದ ಬಿಡಿಸಿದರು. “ಅಳಬ್ಯಾಡ್ರಿ. ಆರಾಮ ಇದ್ದಾನ. ಎಳ್ಳಮಾಸಿ ಹಬ್ಬಕ್ಕ ಬರ್ತೀನಂತ ಬರ್ದಾನ.”

“ಮತ್ತ ಈ ಮೂಲಿ?” ಅಪ್ಪ ಕೇಳಿದ.

ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

“ದಾರ್ಯಾಗ ಯಾರೋ ಕಿಡಿಗೇಡಿ ಮಾಡ್ಯಾನ,” ಎಂದು ಅಪ್ಪನೇ ಅಂದುಕೊಂಡ. ಒಡೆಯದ ಲಕೋಟೆಗೆ ನಾನು ಎಂದೂ ಕೈ ಹಚ್ಚಿದವಳಲ್ಲ, ಅದಕ್ಕೇ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮರುದಿನ ಅಜ್ಜಿ ಬಳೆಗಾರನನ್ನು ಕರೆಸಿ ಚಿಗವ್ವನಿಗೆ ಹಸಿರು ಬಳೆ ಇಡಿಸಿದಳು.

ಆಮೇಲೆ ಯುದ್ಧ ಶುರುವಾಯಿತು. ಎಳ್ಳಮಾಸಿಗೆ ಮೊದಲೇ ತಾರು ಬಂತು, ಸರಕಾರದ ತಂತಿ. ಹಡಗು ಮುಳುಗಿತ್ತು. ಮಣ್ಣು ಮಾಡಲು ದೇಹವೂ ಸಿಗಲಿಲ್ಲ. ಹೆಂಗಸರು ಮತ್ತೆ ಬಂದರು. ಚಿಗವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮುಟ್ಟಬ್ಯಾಡ್ರಿ. ಆಗೂ ಹಿಂಗೇ ಅತ್ರಿ. ದಾರ್ಯಾಗ ಯಾರೋ ಮತ್ತ ಸುಳ್ಳು ಕಳಿಸ್ಯಾರ.”

ಯಾರ ಮಾತೂ ಕೇಳಲಿಲ್ಲ. ಪ್ರತಿ ಎಳ್ಳಮಾಸಿಗೆ ಭಜ್ಜಿ, ಸಜ್ಜೆ ಕಡುಬು ಮಾಡಿ ಅವನಿಗೂ ತಾಟು ಹಾಕಿದಳು. ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಮೊದಲು ಏಟಿಗೆ ಹೆದರಿದೆ, ಆಮೇಲೆ ನಾಚಿದೆ. ಹಾಗೇ ವಯಸ್ಸಾಗಿಹೋಯಿತು.

ಈಗ ಕಾಗದ ಬರೆಯುವವರಿಲ್ಲ, ಖಣಿಯಲ್ಲಿ ನೀರು ನಿಂತಿದೆ. ಶಿಕ್ಕಾ ಕೂಡಿಸುವವರೊಬ್ಬರು ನನ್ನ ವಹಿ ನೋಡಿ, “ಮುಳುಗಿದ ಹಡಗಿಂದು, ಭಾಳ ಅಪರೂಪ, ಕೊಡ್ರಿ,” ಎಂದು ದುಂಬಾಲು ಬಿದ್ದರು. ನನಗೆ ಸಿಟ್ಟೇ ಬಂತು. ಕೊಡಲಿಲ್ಲ.

ಹೋದ ವರ್ಷ ಚಿಗವ್ವ ಹಾಸಿಗೆ ಹಿಡಿದಳು. ಪಕ್ಕದಲ್ಲಿ ಕುಳಿತು ಕೊನೆಗೂ ಹೇಳಿದೆ: “ಚಿಗವ್ವ, ಆ ಮೂಲಿ ಕತ್ತರಿಸಿದಾಕಿ ನಾನಽ. ದಾರ್ಯಾಗ ಯಾರೂ ಇದ್ದಿಲ್ಲ.”

ಕೈಯ ಬಳೆ ಹಿಡಿದುಕೊಂಡು ಕೇಳಿದಳು: “ಹಂಗಂದ್ರ ತಾರು ಖರೇನೇನ?”

“ಖರೆ.”

ನನಗೆ ಒಂದು ಮಾತೂ ಬೈಯಲಿಲ್ಲ. ಗಂಡ ಅಂದೇ ಸತ್ತವನಂತೆ ಅತ್ತಳು. ಜೊತೆಗೂಡಿ ಅಳಲು ಅಜ್ಜಿ ಇರಲಿಲ್ಲ, ಅಪ್ಪ ಇರಲಿಲ್ಲ, ನನ್ನನ್ನು ಬಿಟ್ಟರೆ ಕಾಕಾನ ಮುಖ ಕಂಡ ಇನ್ನೊಂದು ಜೀವವೂ ಆ ಓಣಿಯಲ್ಲಿ ಉಳಿದಿರಲಿಲ್ಲ.